ಪರವಾನಗಿಯ ವಿಳಂಬ, ಬಳಕೆದಾರರ ಬಿಲ್ಲು



ನ್ಯೂಯಾರ್ಕ್ ನಗರದಿಂದ ಪೂರ್ವಕ್ಕೆ ಚಾಚಿಕೊಂಡಿರುವ ಲಾಂಗ್ ಐಲೆಂಡ್ ದ್ವೀಪದ ಉತ್ತರ ದಂಡೆಯಲ್ಲಿ ಶೋರ್‌ಹ್ಯಾಮ್ ಎಂಬ ಊರಿದೆ. 1960ರ ದಶಕದ ನಡುವಿನಲ್ಲಿ ಅಲ್ಲಿನ ವಿದ್ಯುತ್ ಕಂಪನಿ ಅಣುಸ್ಥಾವರ ಕಟ್ಟುವುದಾಗಿ ಸಾರಿದಾಗ ಅಂದಾಜು ವೆಚ್ಚ ಸುಮಾರು 7 ಕೋಟಿ ಡಾಲರ್. ಕೊನೆಗೆ ತಗುಲಿದ್ದು ಸುಮಾರು 600 ಕೋಟಿ ಡಾಲರ್. ಪೂರ್ಣ ಸಾಮರ್ಥ್ಯದಲ್ಲಿ ನಡೆಸುವ ಪರವಾನಗಿ ಕೈಗೆ ಬಂದದ್ದು 1989ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಸ್ಥಾವರವನ್ನು ಮುಚ್ಚುವುದಾಗಿ ಕಂಪನಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಾಗಿತ್ತು. 820 ಮೆಗಾವಾಟ್‌ನ ಆ ಸ್ಥಾವರವನ್ನು ಒಂದು ಡಾಲರಿಗೆ ರಾಜ್ಯಕ್ಕೆ ಒಪ್ಪಿಸಲಾಯಿತು. ವಾಣಿಜ್ಯ ಉತ್ಪಾದನೆ ನಡೆಯಲೇ ಇಲ್ಲ. ಸಾಲ ಮಾತ್ರ ಉಳಿಯಿತು. 1998ರಲ್ಲಿ ಅದು ಸಾರ್ವಜನಿಕ ವಿದ್ಯುತ್ ಪ್ರಾಧಿಕಾರದ ಹೆಗಲೇರಿತು. ಅಲ್ಲಿಂದ ಮನೆಮನೆಯ ಬಿಲ್ಲಿಗೆ ಇಳಿಯಿತು. ಶೋರ್‌ಹ್ಯಾಮ್ ಹೆಸರು ಮೊದಲು ಕೇಳಿಬಂದಾಗ ಇನ್ನೂ ಹುಟ್ಟಿರದ ಮಕ್ಕಳೂ ದೊಡ್ಡವರಾಗಿ ಅದರ ಕಂತು ಕಟ್ಟಿದರು.

ಈ ಹಣ ಎಲ್ಲಿಗೆ ಹೋಯಿತು? ವಿನ್ಯಾಸ ಬದಲಾಯಿತು, ಗಾತ್ರ ಹಿಗ್ಗಿತು, ಕೂಲಿ ಏರಿತು, ಎಲ್ಲವೂ ನಿಜ. ಆದರೆ ವಿಳಂಬದ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಬಡ್ಡಿ. ಕಟ್ಟುವ ಕಾಲದ ಬಡ್ಡಿಯನ್ನು ಕಂಪನಿಗಳು ಸ್ಥಾವರದ ಬೆಲೆಗೇ ಸೇರಿಸುತ್ತ ಹೋಗುತ್ತವೆ. ಮರುವರ್ಷ ಆ ಬಡ್ಡಿಗೂ ಬಡ್ಡಿ. ಶೇ. 12ರ ದರದಲ್ಲಿ ಆರು ವರ್ಷ ಕಳೆದರೆ ಹಾಕಿದ ಹಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 1980ರ ಕೊನೆಯಲ್ಲಿ ಅಮೆರಿಕದ ಬ್ಯಾಂಕುಗಳ ಮೂಲ ಬಡ್ಡಿದರವೇ ಶೇ. 20 ದಾಟಿತ್ತೆಂಬುದನ್ನು ನೆನೆದರೆ, ಕೆಲಸ ಮುಗಿದೂ ಸುಮ್ಮನೆ ನಿಂತ ಸ್ಥಾವರ ಎಂಥ ಹೊರೆ ಎಂಬುದು ತಿಳಿಯುತ್ತದೆ. ಇದರ ಜೊತೆಗೆ, ಆ ಸ್ಥಾವರ ಕೊಡಬೇಕಿದ್ದ ವಿದ್ಯುತ್ತನ್ನು ತೈಲ ಉರಿಸಿಯೋ ಹೊರಗಿನಿಂದ ಕೊಂಡೋ ಒದಗಿಸಬೇಕು. ಗೃಹಪ್ರವೇಶಕ್ಕೆ ಅನುಮತಿ ಸಿಗದೆ, ಸಾಲದ ಕಂತನ್ನೂ ಬಾಡಿಗೆಯನ್ನೂ ಒಟ್ಟಿಗೆ ಕಟ್ಟುವ ಸಂಸಾರದ ಪಾಡು ಅದು.

ಹಾಗೆಂದು ಎಲ್ಲ ವಿಳಂಬವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. 1983ರ ಆಗಸ್ಟಿನಲ್ಲಿ ಶೋರ್‌ಹ್ಯಾಮ್‌ನ ತುರ್ತು ಡೀಸೆಲ್ ಜನರೇಟರೊಂದರ ಕ್ರ್ಯಾಂಕ್‌ಶಾಫ್ಟ್ ಪರೀಕ್ಷೆಯ ವೇಳೆ ಮುರಿಯಿತು. ಹೊರಗಿನ ವಿದ್ಯುತ್ ಕಡಿದುಹೋದಾಗ ರಿಯಾಕ್ಟರನ್ನು ತಣ್ಣಗಿಡಬೇಕಾದದ್ದು ಆ ಯಂತ್ರವೇ. ಅದಕ್ಕಾಗಿ ಕಾದ ತಿಂಗಳುಗಳಿಗೆ ಬಳಕೆದಾರ ತೆತ್ತ ಹಣ ವ್ಯರ್ಥವಲ್ಲವೆಂದು ನಾನು ಖಚಿತವಾಗಿ ಹೇಳುತ್ತೇನೆ. ನಮ್ಮ ಕೈಗಾದಲ್ಲೂ 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದಾಗಲೇ, ರಿಯಾಕ್ಟರ್ ಕಟ್ಟಡದ ಗುಮ್ಮಟದ ಒಳಪದರ ಕಳಚಿಬಿತ್ತು. ವಿನ್ಯಾಸವನ್ನು ಮತ್ತೆ ಪರಿಶೀಲಿಸಿ, ತಿದ್ದಿ, ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದಲ್ಲಿ. ಆ ಕಾಯುವಿಕೆಯನ್ನು ಯಾವ ಕನ್ನಡಿಗನೂ ದುಬಾರಿ ಎನ್ನಲಾರ.

ನನ್ನ ತಕರಾರು ಬೇರೆ ಬಗೆಯ ವಿಳಂಬದ ಬಗ್ಗೆ. 1979ರ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತದ ನಂತರ, ಸ್ಥಾವರದ ಸುತ್ತ 10 ಮೈಲಿಯ ಜನರನ್ನು ತೆರವುಗೊಳಿಸುವ ಯೋಜನೆ ಇಲ್ಲದೆ ಪರವಾನಗಿಯಿಲ್ಲ ಎಂಬ ನಿಯಮ ಅಮೆರಿಕದಲ್ಲಿ ಬಂತು. ನಿಯಮ ಸರಿಯೇ. ಆದರೆ ಲಾಂಗ್ ಐಲೆಂಡಿನ ಜನ ಸುರಕ್ಷಿತವಾಗಿ ಹೊರಬೀಳಲಾರರೆಂದು ಅಲ್ಲಿನ ಸ್ಥಳೀಯ ಆಡಳಿತವಾದ ಸಫೋಕ್ ಕೌಂಟಿ ತೀರ್ಮಾನಿಸಿದ್ದು 1983ರಲ್ಲಿ, ಕೋಟಿಗಟ್ಟಲೆ ಹಣ ಕಾಂಕ್ರೀಟಾದ ಮೇಲೆ. ದ್ವೀಪದ ಆಕಾರವೇನೂ ಆ ವರ್ಷ ಬದಲಾಗಿರಲಿಲ್ಲ. ರಸ್ತೆಗಳು ಎತ್ತ ಹೋಗುತ್ತವೆ ಎಂಬುದನ್ನು ಜಾಗ ಆರಿಸುವ ದಿನವೇ ಕೇಳಬಹುದಿತ್ತು. ಕೌಂಟಿಯ ಆತಂಕ ನ್ಯಾಯವಾದದ್ದೇ ಆಗಿದ್ದರೂ, ಅಷ್ಟು ತಡವಾಗಿ ಬಂದ ಉತ್ತರದ ಬೆಲೆಯನ್ನು ತೆತ್ತವರು ಅಲ್ಲಿನ ಜನರೇ.

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸೀಬ್ರೂಕ್‌ನಲ್ಲೂ ಹಾಗೆಯೇ ಆಯಿತು. 1976ರಲ್ಲಿ ನಿರ್ಮಾಣಕ್ಕೆ ಅನುಮತಿ ಸಿಕ್ಕಿತು. ಎರಡು ಘಟಕಗಳಲ್ಲಿ ಒಂದನ್ನು ಅರ್ಧಕ್ಕೇ ಕೈಬಿಟ್ಟರು, ಇನ್ನೊಂದು 1986ರಲ್ಲಿ ಸಿದ್ಧವಾಯಿತು. ಹತ್ತು ಮೈಲಿಯ ವಲಯ ಪಕ್ಕದ ಮ್ಯಾಸಚೂಸೆಟ್ಸ್‌ಗೂ ಚಾಚಿತ್ತು, ಅಲ್ಲಿನ ಗವರ್ನರ್ ಮೈಕಲ್ ಡುಕಾಕಿಸ್ ತೆರವು ಯೋಜನೆ ಕೊಡಲು ಒಪ್ಪಲಿಲ್ಲ. ಪೂರ್ಣ ಪರವಾನಗಿ ಸಿಕ್ಕಿದ್ದು 1990ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲೇ, 1988ರ ಜನವರಿಯಲ್ಲಿ, ಮುಖ್ಯ ಪಾಲುದಾರ ಕಂಪನಿ ದಿವಾಳಿ ಅರ್ಜಿ ಹಾಕಿತ್ತು.

ಇಲ್ಲಿ ಬಳಕೆದಾರರು ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನು ಗಮನಿಸಬೇಕು. ಸ್ಥಾವರ ನಡೆಯುವ ಮೊದಲೇ ಅದರ ವೆಚ್ಚವನ್ನು ಬಿಲ್ಲಿಗೆ ಸೇರಿಸುವುದು 1978ರ ಚುನಾವಣೆಯ ದೊಡ್ಡ ವಿಷಯವಾಗಿ, ಅಧಿಕಾರದಲ್ಲಿದ್ದ ನ್ಯೂ ಹ್ಯಾಂಪ್‌ಶೈರ್ ಗವರ್ನರ್ ಸೋತರು. ಮರುವರ್ಷ ಅಂಥ ವಸೂಲಿಯನ್ನು ಕಾನೂನೇ ನಿಷೇಧಿಸಿತು. ಆದರೂ ದಿವಾಳಿಯಾದ ಕಂಪನಿಯನ್ನು ಎತ್ತಿ ನಿಲ್ಲಿಸುವ ಒಪ್ಪಂದದಲ್ಲಿ ವರ್ಷಕ್ಕೆ ಶೇ. 5.5ರಂತೆ ಏಳು ವರ್ಷ ದರ ಏರಿಕೆ ಬಂತು. ಮುಂಬಾಗಿಲು ಮುಚ್ಚಿದರೆ ಹಿತ್ತಿಲಿನಿಂದ ಬಂತು.

ಪರವಾನಗಿ ಬೇಗ ಸಿಕ್ಕರೆ ಎಲ್ಲ ಸರಿಹೋಗುತ್ತದೆಂಬ ವಾದವನ್ನೂ ನಾನು ಒಪ್ಪುವುದಿಲ್ಲ. ನಿರ್ಮಾಣಕ್ಕೂ ಚಾಲನೆಗೂ ಒಂದೇ ಪರವಾನಗಿ ಕೊಡುವ ಹೊಸ ಪದ್ಧತಿಯಲ್ಲಿ ಜಾರ್ಜಿಯಾದ ವೋಗ್ಟಲ್ ಸ್ಥಾವರದ ಎರಡು ಹೊಸ ಘಟಕಗಳಿಗೆ 2012ರ ಫೆಬ್ರುವರಿಯಲ್ಲೇ ಅನುಮತಿ ಸಿಕ್ಕಿತು. 2016 ಮತ್ತು 2017ರಲ್ಲಿ ನಡೆಯಬೇಕಿದ್ದ ಅವು ನಡೆದದ್ದು 2023 ಮತ್ತು 2024ರಲ್ಲಿ. ವೆಚ್ಚ ಸುಮಾರು 1,400 ಕೋಟಿ ಡಾಲರಿನಿಂದ 3,000 ಕೋಟಿ ದಾಟಿತು. ದಕ್ಷಿಣ ಕ್ಯಾರೊಲೈನದಲ್ಲಿ ಅಂಥದೇ ಜೋಡಿಯನ್ನು 2017ರಲ್ಲಿ ಅರ್ಧಕ್ಕೇ ಬಿಟ್ಟರು. 2007ರ ಕಾನೂನಿನ ಪ್ರಕಾರ ಬಳಕೆದಾರರು ಮುಂಗಡವಾಗಿಯೇ ಹಣ ಕಟ್ಟುತ್ತ ಬಂದಿದ್ದರು. ವಿನ್ಯಾಸ ಪೂರ್ತಿಯಾಗದೆ ಕೆಲಸ ಶುರುಮಾಡಿದರೆ ಯಾವ ಪರವಾನಗಿಯೂ ಕಾಪಾಡದು.

ಹೀಗಾಗಿ ಈ ಸಂಕಿರಣದ ಮುಂದೆ ನಾನಿಡುವ ಆಶಯ ಒಂದೇ. ಉತ್ತರಿಸಲು ಕಾಲ ಬೇಡುವ ಪ್ರಶ್ನೆಗಳನ್ನು ಸಾಲ ಎತ್ತುವ ಮೊದಲೇ ಕೇಳಬೇಕು: ಜಾಗ, ನೀರು, ಜನ, ರಸ್ತೆ, ನೆರೆಯ ಆಡಳಿತದ ಒಪ್ಪಿಗೆ. ಆ ಹಂತದಲ್ಲಿ ಐದು ವರ್ಷ ಚರ್ಚಿಸಿದರೂ ಖರ್ಚು ಕಾಗದದ್ದು, ತಜ್ಞರ ಸಂಬಳದ್ದು. ಅದೇ ಐದು ವರ್ಷ ಕಟ್ಟಡ ಎದ್ದ ಮೇಲೆ ಕಳೆದರೆ ಒಂದು ರಾಜ್ಯದ ವಿದ್ಯುತ್ ದರವೇ ಮೇಲೇರುತ್ತದೆ. ಸುರಕ್ಷತೆಗೆ ಆತುರ ಹೊಂದುವುದಿಲ್ಲ. ಅದಕ್ಕೇ ಅದರ ಚರ್ಚೆ ಬೇಗ ಶುರುವಾಗಬೇಕು.

ನಮ್ಮಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಜಾಗ, ನಿರ್ಮಾಣ, ಚಾಲನೆ ಎಂದು ಹಂತಹಂತವಾಗಿ ಒಪ್ಪಿಗೆ ಕೊಡುತ್ತದೆ. ಕೈಗಾ ವಿದ್ಯುತ್ತಿನ ದರವನ್ನು 1962ರ ಅಣುಶಕ್ತಿ ಕಾಯ್ದೆಯಡಿ ದಶಕಗಳ ಕಾಲ ಕೇಂದ್ರ ಸರ್ಕಾರವೇ ನಿಗದಿ ಮಾಡಿತು. ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಸಾರ್ವಜನಿಕ ವಿಚಾರಣೆಗೆ ಬಂದು ಎದ್ದುನಿಲ್ಲುವ ರೈತನಿಗೆ, ಸಣ್ಣ ಕೈಗಾರಿಕೆಯವನಿಗೆ ಅದು ಖರೀದಿ ವೆಚ್ಚದ ಒಂದು ಸಾಲಾಗಿಯಷ್ಟೇ ಕಾಣುತ್ತದೆ. ಆ ಸಾಲಿನೊಳಗೆ ಬಡ್ಡಿಯೆಷ್ಟು, ವಿಳಂಬವೆಷ್ಟು, ಸುರಕ್ಷತೆಗಾಗಿ ಕಾದದ್ದೆಷ್ಟು, ಅವ್ಯವಸ್ಥೆಯಿಂದ ಕಾದದ್ದೆಷ್ಟು ಎಂದು ಬಿಡಿಸಿ ತೋರಿಸುವ ಲೆಕ್ಕ ಅವನಿಗೆ ಸಿಗಬೇಕು. ಕೈಗಾದ 5 ಮತ್ತು 6ನೇ ಘಟಕಗಳು, ತಲಾ 700 ಮೆಗಾವಾಟ್‌ನವು, ಬರಲಿವೆ. ಅವುಗಳ ಮಟ್ಟಿಗಾದರೂ ಅಂಥ ಲೆಕ್ಕದ ಒಂದು ಮಾದರಿ ನಮೂನೆಯನ್ನು ಸಂಜೆಯ ಗೋಷ್ಠಿ ಮುಗಿಯುವುದರೊಳಗೆ ನಾವು ಸಿದ್ಧಪಡಿಸಿ, ಆಯೋಗದ ಮುಂದಿನ ವಿಚಾರಣೆಗೆ ಸಲ್ಲಿಸೋಣ ಎಂದು ನಿಮ್ಮೆಲ್ಲರನ್ನು ಕೋರುತ್ತೇನೆ.