ಮೇಷ್ಟರು ಬರೆದ ವಿಜ್ಞಾನ

ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನ ಅಧ್ಯಾಪಕರು ಸಂಶೋಧನೆಯ ಜೊತೆಗೆ ಜನರಿಗಾಗಿ ಬರೆಯುವ ಕೆಲಸವನ್ನೂ ಕೈಗೆತ್ತಿಕೊಂಡು ನೂರು ವರ್ಷ ದಾಟಿದೆ. ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರ ಜುಲೈ 27ರಂದು. ಆಗ ವಿಜ್ಞಾನದ ಪಾಠ ಹೆಚ್ಚಾಗಿ ನಡೆಯುತ್ತಿದ್ದುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತೆಗೆದರು. ಪಾಠವೆಲ್ಲ ಇಂಗ್ಲಿಷಿನಲ್ಲಿದ್ದ ಕಾಲ. ಬೇಕಾದ ಪಾರಿಭಾಷಿಕ ಪದಗಳನ್ನು ಲೇಖಕರೇ ಕಟ್ಟಿಕೊಳ್ಳಬೇಕಿತ್ತು. ಪತ್ರಿಕೆ ನಡೆದದ್ದು ಎರಡೇ ವರ್ಷ. ಆದರೂ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಅದೇ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್ ಹಿಡಿದ ದಾರಿ ಬೇರೆ. ಪಶ್ಚಿಮ ಘಟ್ಟದ ಕಪ್ಪೆಗಳು ಅವರ ಅಧ್ಯಯನದ ವಿಷಯ. ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಅವರು 1937ರ ಪ್ರಬಂಧವೊಂದರಲ್ಲಿ ವರ್ಣಿಸಿದರು. 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಘಟ್ಟದ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ಅವರ ಗೌರವಾರ್ಥ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಡಲಾಯಿತು. ಈ ಕಪ್ಪೆಗಳ ಮರಿಗಳು ನೀರಿನಲ್ಲಿ ಗೊದಮೊಟ್ಟೆಗಳಾಗಿ ಈಜುವುದಿಲ್ಲ. ಬೆಳವಣಿಗೆಯೆಲ್ಲ ಮೊಟ್ಟೆಯೊಳಗೇ ಮುಗಿದು, ಪುಟ್ಟ ಕಪ್ಪೆಯೇ ಹೊರಬರುತ್ತದೆ. ಹಾಗಾಗಿ ಕಾಡಿನ ತೇವ ಆರಿದರೆ ಮೊಟ್ಟೆಯೂ ಉಳಿಯದು. ಎಲ್ಲಿ ಯಾವ ಕಪ್ಪೆಯಿತ್ತು ಎಂದು ಹಿಂದಿನವರು ಬರೆದಿಟ್ಟ ವಿವರ, ಇಂದು ಏನು ಕಳೆದುಹೋಗಿದೆ ಎಂದು ಅಳೆಯಲು ಆಧಾರವಾಗಿದೆ.

ಮೈಸೂರಿನಲ್ಲಿ ವಿದ್ಯೆಯನ್ನು ಕಾಲೇಜಿನ ಆಚೆಗೆ ಒಯ್ದ ದೊಡ್ಡ ಹೆಜ್ಜೆ ರೇಡಿಯೋ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಪ್ರೇಷಕದ ಶಕ್ತಿ ಬರೀ 30 ವ್ಯಾಟ್. ಆ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಶುರುವಾದದ್ದೂ 1930ರ ದಶಕದಲ್ಲೇ. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡಿದರು. ಆ ಮಾತುಗಳು ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚಾದವು.

ಈ ಕೆಲಸಕ್ಕೆ ಬಲ ತಂದವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು. ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿ ಅವರ ಕನಸು. ಪುಸ್ತಕ ಪ್ರಕಟಿಸುವ ವಿಭಾಗವಾದ ಪ್ರಸಾರಾಂಗ ಬೆಳೆದದ್ದೂ ಅವರ ಒತ್ತಾಸೆಯಿಂದ. 1969ರಲ್ಲಿ ಹೊರಬಂದ ಕನ್ನಡ ವಿಶ್ವಕೋಶದ ಮೊದಲ ಸಂಪುಟದಿಂದ ಮುಂದಕ್ಕೆ ವಿಜ್ಞಾನ ವಿಭಾಗವನ್ನು ಗಣಿತದ ಮೇಷ್ಟರು ಜಿ.ಟಿ. ನಾರಾಯಣರಾವ್ ನೋಡಿಕೊಂಡರು. ಜೆ.ಆರ್. ಲಕ್ಷ್ಮಣರಾವ್ ರಸಾಯನಶಾಸ್ತ್ರ ಕಲಿಸುತ್ತಲೇ ‘ಪರಮಾಣು ಚರಿತ್ರೆ’ಯಂಥ ಪುಸ್ತಕ ಬರೆದರು, ‘ಬಾಲವಿಜ್ಞಾನ’ ಪತ್ರಿಕೆಯ ಸಂಪಾದಕರಾಗಿ ಹಳ್ಳಿಯ ಮಕ್ಕಳನ್ನೂ ತಲುಪಿದರು.

ಮೈಸೂರು ವಿಶ್ವವಿದ್ಯಾನಿಲಯದ ಆಚೆಗೆ ನೋಡಿದರೆ, ಸಂಶೋಧನೆ ಮತ್ತು ಬರಹ ಎರಡರಲ್ಲೂ ಸಮನಾದ ಎತ್ತರ ಮುಟ್ಟಿದವರು ಬಿ.ಜಿ.ಎಲ್. ಸ್ವಾಮಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಅವರು ಸಸ್ಯಗಳ ಒಳರಚನೆಯ ವಿಷಯದಲ್ಲಿ ಜಗತ್ತೇ ಬಲ್ಲ ವಿದ್ವಾಂಸರು. ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಓದಿದವರಿಗೆ ಮೈಸೂರಿನ ದೇವರಾಜ ಮಾರುಕಟ್ಟೆ ಮೊದಲಿನಂತೆ ಕಾಣುವುದಿಲ್ಲ. ಅಲ್ಲಿ ರಾಶಿ ಹಾಕಿರುವ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಸೀಬೆ, ಪರಂಗಿ ಎಲ್ಲವೂ ಸಾಗರ ದಾಟಿ ಬಂದವು. ಐನೂರು ವರ್ಷಗಳ ಹಿಂದಿನ ಮೈಸೂರು ಸೀಮೆಯ ಅಡುಗೆಯಲ್ಲಿ ಖಾರಕ್ಕಿದ್ದುದು ಕಾಳುಮೆಣಸು.

1970ರ ದಶಕದಿಂದ ಅಧ್ಯಾಪಕರ ವಿಜ್ಞಾನ ಸರ್ಕಾರದ ನೀತಿಯನ್ನೇ ಪ್ರಶ್ನಿಸತೊಡಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ರಾಜ್ಯದ ಬಿದಿರು ಏಕೆ ಬರಿದಾಗುತ್ತಿದೆ ಎಂದು ಶೋಧಿಸಿದರು. ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳನ್ನು ಸವರಿದರೆ ಹೊಸ ಕಳಲೆ ಚೆನ್ನಾಗಿ ಬರುತ್ತದೆ ಎಂದು ಅರಣ್ಯ ಇಲಾಖೆ ನಂಬಿತ್ತು. ಮುಳ್ಳು ಹೋದರೆ ದನ, ಮುಸುವ ಕಳಲೆಯನ್ನು ತಿಂದುಹಾಕುತ್ತವೆ ಎಂದು ಉತ್ತರ ಕನ್ನಡದ ಹಳ್ಳಿಗರು ಹೇಳುತ್ತಿದ್ದರು. ಲೆಕ್ಕ ಹಾಕಿ ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ಗಾಡ್ಗೀಳರು ಇದನ್ನು ಸಂಶೋಧನಾ ಪತ್ರಿಕೆಗಳಲ್ಲಷ್ಟೇ ಹೂತಿಡದೆ ಸಾಮಾನ್ಯ ಓದುಗರಿಗೂ ಬರೆದರು. ಪರಿಸರ ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾದ ಪಾಠ ಇನ್ನೊಂದು ಸಿಗುವುದು ಕಷ್ಟ.

ಪರಿಸರದ ಅರಿವು ತರಗತಿಗೂ ತಲುಪಬೇಕಿತ್ತು. 1991ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಹಂತದ ಶಿಕ್ಷಣದಲ್ಲೂ ಪರಿಸರ ಕಡ್ಡಾಯ ವಿಷಯವಾಗಬೇಕೆಂದಿತು. ಮುಂದಿನ ದಶಕದಲ್ಲಿ ಪದವಿ ತರಗತಿಗಳಿಗೂ ಅದು ಬಂತು.

ಮೈಸೂರಿನ ಅಧ್ಯಾಪಕರಿಗೆ ಪರಿಸರದ ಪ್ರಯೋಗಶಾಲೆ ಆವರಣದಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಈಗ ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಚರಂಡಿ ನೀರಿನ ಜೊತೆ ಸಾರಜನಕ, ರಂಜಕ ಸೇರಿದಾಗ ಪಾಚಿ ಹಬ್ಬುತ್ತದೆ. ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ನಗರದ ಕೆರೆಗಳ ನೀರು, ಪಾಚಿ, ಹಕ್ಕಿಗಳ ಮೇಲೆ ಹಲವು ಪ್ರಬಂಧಗಳು ಬಂದಿವೆ. ಬಹುಪಾಲು ಇಂಗ್ಲಿಷಿನಲ್ಲಿವೆ. ಬೆಳಗ್ಗೆ ಕೆರೆಯ ಏರಿಯ ಮೇಲೆ ನಡೆಯುವ ನೂರಾರು ಜನ ಅವನ್ನು ನೋಡುವ ಸಂಭವವೇ ಇಲ್ಲ. ಅಂಥ ಪ್ರತಿಯೊಂದು ಪ್ರಬಂಧದ ಜೊತೆ, ಕೆರೆಗೆ ಏನಾಗಿದೆ, ಏನು ಮಾಡಬೇಕು ಎಂದು ತಿಳಿಸುವ ಎರಡು ಪುಟದ ಕನ್ನಡ ಬರಹವೊಂದನ್ನು ಅಧ್ಯಾಪಕರು ಪ್ರಕಟಿಸಬೇಕು. ನಗರದ ನಾಗರಿಕರು ಅದನ್ನು ಕೇಳಿ ಪಡೆಯಬೇಕು.