ಕಣ್ಣೊಳಗಿನ ನೀರು: ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಒತ್ತಡ ಮತ್ತು ಹರಿವು

(ಅನಗವಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ಬೀಳಗಿ ತಾಲೂಕಿನಲ್ಲಿ ನಿಂತು ಕಣ್ಣಿನ ಮಾತು ಆಡುವವರು ಡಾ. ಎಂ. ಸಿ. ಮೋದಿಯವರಿಂದಲೇ ಶುರು ಮಾಡಬೇಕು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದವರು ಅವರು. 1943ರಿಂದ ಊರೂರು ತಿರುಗಿ ಸಾಮೂಹಿಕ ನೇತ್ರ ಶಿಬಿರ ನಡೆಸಿದರು. ಒಂದೇ ದಿನ 833 ಪೊರೆ ತೆಗೆದದ್ದು, 46,120 ಹಳ್ಳಿಗಳನ್ನು ಕಂಡದ್ದು, 1993ರ ಫೆಬ್ರುವರಿವರೆಗೆ 6,10,564 ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿದೆ. 1968ರಲ್ಲಿ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು.

ಅವರ ವೇಗವನ್ನು ನಮ್ಮ ಜನ ಪವಾಡವೆಂದೇ ಕೊಂಡಾಡುತ್ತಾರೆ. ವೈದ್ಯನಾದ ನನಗೆ ಆ ವೇಗದಲ್ಲಿ ಕಣ್ಣಿನ ರಕ್ಷಣೆಯೂ ಕಾಣುತ್ತದೆ. ಅದು ಯಾಕೆಂದು ತಿಳಿಯಲು ಕಣ್ಣೊಳಗಿನ ನೀರಿನ ವಿಚಾರ ಬೇಕು.

ಕಪ್ಪುಗುಡ್ಡೆಯ ಮುಂದೆ, ಪಾರದರ್ಶಕ ಪಟಲದ ಹಿಂದೆ ಒಂದು ಪುಟ್ಟ ಕೋಣೆಯಿದೆ. ಅದರಲ್ಲಿ ಹಿಡಿಯುವುದು ಸುಮಾರು ಕಾಲು ಮಿಲಿಲೀಟರ್, ಅಂದರೆ ಐದು ಹನಿ ನೀರು. ಈ ನೀರು ಒಳಗೇ ಹುಟ್ಟಿ, ಅಂಚಿನ ಜಾಲರಿಯಿಂದ ಸೋಸಿಕೊಂಡು ಹೊರಗೆ ಹೋಗುತ್ತಲೇ ಇರುತ್ತದೆ. ಆರೋಗ್ಯವಂತ ಕಣ್ಣಿನಲ್ಲಿ ಇದರ ಒತ್ತಡ ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್. ಕಣ್ಣುಗುಡ್ಡೆ ಗುಂಡಗೆ ನಿಂತಿರುವುದೇ ಈ ಒತ್ತಡದಿಂದ.

ಮೋದಿಯವರು ಶಿಬಿರ ಕಟ್ಟಿದ ಕಾಲದಲ್ಲಿ ಪಟಲದ ಅಂಚನ್ನು ಹೆಚ್ಚುಕಡಿಮೆ ಅರ್ಧ ವರ್ತುಲದಷ್ಟು ಕೊಯ್ದು, ಮಸೂರವನ್ನು ಅದರ ಚೀಲದ ಸಮೇತ ಹೊರತೆಗೆಯುವುದೇ ರೂಢಿ. ಕೊಯ್ದ ಕ್ಷಣವೇ ನೀರು ಹೊರಬಿದ್ದು ಒಳಗಿನ ಒತ್ತಡ ಸೊನ್ನೆಗೆ ಇಳಿಯುತ್ತದೆ. ಆಗ ಹಿಂದಿನ ಲೋಳೆಯಂಥ ದ್ರವವನ್ನು ತಡೆದು ಹಿಡಿಯುವ ಶಕ್ತಿ ಯಾವುದೂ ಇಲ್ಲ. ರೋಗಿ ಒಮ್ಮೆ ಕೆಮ್ಮಿದರೆ, ಗಾಬರಿಯಿಂದ ರೆಪ್ಪೆ ಬಿಗಿದರೆ ಅದು ಮುಂದಕ್ಕೆ ನುಗ್ಗುತ್ತದೆ. ಅಪರೂಪಕ್ಕೊಮ್ಮೆ ಹಿಂಬದಿಯ ರಕ್ತನಾಳವೇ ಒಡೆದು ಕಣ್ಣು ಪೂರ್ತಿ ಹೋಗುವುದುಂಟು. ಅದಕ್ಕೇ ಮೊದಲು ಕಣ್ಣಿನ ಮೇಲೆ ಮೆಲ್ಲಗೆ ಒತ್ತಿ ಒತ್ತಡ ಇಳಿಸಿಕೊಳ್ಳುತ್ತಿದ್ದರು. ಬೀಡಿ ಸೇದಿ ಕೆಮ್ಮುವ ಮುದುಕರನ್ನು ಕೆಮ್ಮು ನಿಂತ ಮೇಲೆ ಬನ್ನಿ ಎಂದು ಕಳಿಸುತ್ತಿದ್ದರು. ಕಣ್ಣು ತೆರೆದಿರುವ ಹೊತ್ತು ಕಡಿಮೆಯಾದಷ್ಟೂ ಅಪಾಯ ಕಡಿಮೆ. ಪಳಗಿದ ಕೈಯ ವೇಗಕ್ಕೆ ಇದ್ದ ಬೆಲೆ ಇದು.

1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ದಾರಿಯನ್ನೇ ಬದಲಿಸಿದರು. ದಂತವೈದ್ಯರು ಹಲ್ಲು ತೊಳೆಯುವ ಶ್ರವಣಾತೀತ ಕಂಪನದ ಉಪಕರಣ ನೋಡಿ, ಅದರಿಂದಲೇ ಪೊರೆಯನ್ನು ಒಳಗೇ ಪುಡಿಮಾಡಿ ಹೀರುವ ಫೇಕೋ ವಿಧಾನ ರೂಪಿಸಿದರು. ಈಗ ಗಾಯ ಮೂರು ಮಿಲಿಮೀಟರಿಗಿಂತ ಕಡಿಮೆ. ಕಣ್ಣು ಮುಚ್ಚಿದ ಕೋಣೆಯಂತೆಯೇ ಉಳಿಯುತ್ತದೆ. ಆದರೆ ಒಳಗೆ ಹೊಸದೊಂದು ಪ್ರವಾಹ ಶುರುವಾಯಿತು. ಸೂಜಿ ನಿಮಿಷಕ್ಕೆ 30 ಮಿಲಿಲೀಟರ್ ಹೀರಿದರೆ, ಐದು ಹನಿಯ ಆ ಕೋಣೆಯ ನೀರು ಸೆಕೆಂಡಿಗೆ ಎರಡು ಸಲ ಬದಲಾದ ಲೆಕ್ಕ!

ಘಟಪ್ರಭೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಪೇಪರ್ ತೆರೆದು ಆಲಮಟ್ಟಿಯ ಒಳಹರಿವು ಎಷ್ಟು, ಹೊರಹರಿವು ಎಷ್ಟು, ಮಟ್ಟ 519.60 ಮೀಟರಿಗೆ ಎಷ್ಟು ಕಡಿಮೆ ಎಂದು ನೋಡುವವರು ನೀವು. ಕಣ್ಣಿನಲ್ಲೂ ಒಳಹರಿವು, ಹೊರಹರಿವು ಸಮವಾದರೆ ಮಾತ್ರ ಮಟ್ಟ ನಿಲ್ಲುತ್ತದೆ. ಅಣೆಕಟ್ಟಿನಲ್ಲಿ ಸಿಗುವ ವ್ಯವಧಾನ ಕಣ್ಣಿನಲ್ಲಿಲ್ಲ.

ಒಳಹರಿವು ಬರುವುದು ಸ್ಟ್ಯಾಂಡಿಗೆ ನೇತುಹಾಕಿದ ಬಾಟಲಿಯಿಂದ. 13.6 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಪಾದರಸದ 10 ಮಿಲಿಮೀಟರ್ ಒತ್ತಡ. ಬಾಟಲಿ ಕಣ್ಣಿನಿಂದ 68 ಸೆಂಟಿಮೀಟರ್ ಮೇಲಿದ್ದರೆ, ಹೀರುವುದು ನಿಂತಾಗ ಕಣ್ಣೊಳಗೆ 50. ಒಂದು ಮೀಟರ್ ಏರಿಸಿದರೆ 73ರ ಮೇಲೆ. ಗ್ಲಾಕೋಮಾ ಇದ್ದವರ ದಣಿದ ನರಕ್ಕೆ, ರಕ್ತ ಸಂಚಾರ ಮೊದಲೇ ಕುಂದಿದವರ ಅಕ್ಷಿಪಟಲಕ್ಕೆ ಅದು ಹೊರಲಾರದ ಭಾರ. ಕೆಳಗೆ ಇಳಿಸಿದರೆ ಕೋಣೆ ಕುಸಿಯುವ ಭಯ.

ಕುಸಿಯುವುದು ಹೇಗೆಂದು ಹತ್ತಿರದಿಂದ ನೋಡೋಣ. ಪೊರೆಯ ಗಟ್ಟಿ ತುಣುಕೊಂದು ಸೂಜಿಯ ಬಾಯಿಗೆ ಕೂತಿತು. ಹರಿವು ನಿಂತಿತು. ಪಂಪು ಮಾತ್ರ ಎಳೆಯುತ್ತಲೇ ಇದೆ. ನಳಿಕೆಯಲ್ಲಿ ನಿರ್ವಾತ ಪಾದರಸದ 300, 400 ಮಿಲಿಮೀಟರಿಗೆ ಏರಿ, ಮೆತ್ತನೆಯ ನಳಿಕೆ ಒಳಕ್ಕೆ ಮುದುಡುತ್ತದೆ. ತುಣುಕು ಒಡೆದು ಒಳಗೆ ಸರಿದದ್ದೇ ತಡ, ಮುದುಡಿದ ನಳಿಕೆ ಅರಳಿ ಕೋಣೆಯ ನೀರನ್ನು ಗಬಕ್ಕನೆ ಸೆಳೆಯುತ್ತದೆ. ಮೇಲಿನ ಬಾಟಲಿಯಿಂದ ನೀರು ಬಂದು ತುಂಬುವಷ್ಟರಲ್ಲಿ ಮಸೂರದ ಹಿಂಚೀಲ ಸೂಜಿಯ ಬಾಯಿಗೆ ಬಂದಿರುತ್ತದೆ. ಅದರ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು. ಅದು ಹರಿದರೆ ತುಣುಕುಗಳು ಕಣ್ಣಿನ ಹಿಂಭಾಗಕ್ಕೆ ಬೀಳುತ್ತವೆ, ಇನ್ನೊಂದು ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಈಗಿನ ನಳಿಕೆಗಳು ಗಡುಸು. ಹೊಸ ಯಂತ್ರಗಳು ಒತ್ತಡವನ್ನು ತಾವೇ ಅಳೆದು ಬಾಟಲಿಯ ಬದಲಿಗಿರುವ ದ್ರವದ ಚೀಲವನ್ನು ಹಿಂಡುತ್ತವೆ. ಆದರೂ ಬಾಟಲಿ ಮುಗಿಯುತ್ತ ಬಂದದ್ದನ್ನು, ನಳಿಕೆ ಮಡಚಿದ್ದನ್ನು ಗಮನಿಸುವ ಕಣ್ಣು ಥಿಯೇಟರಿನಲ್ಲಿ ಇರಲೇಬೇಕು. ಆ ಕೆಲಸ ನಮ್ಮ ನರ್ಸಮ್ಮನದು, ಥಿಯೇಟರ್ ಸಹಾಯಕನದು. ಅವರ ತರಬೇತಿಗೆ ನಾವು ಕೊಡುವ ಹೊತ್ತು, ಹಣ ಎರಡೂ ಬಹಳ ಕಡಿಮೆ. ಯಂತ್ರ ಕೊಳ್ಳುವಾಗಿನ ಉತ್ಸಾಹದಲ್ಲಿ ಕಾಲುಭಾಗ ಇಲ್ಲಿಗೂ ಬರಲಿ.

ನಮ್ಮ ಭಾಗದ ಹೊಲದಲ್ಲಿ ದುಡಿದ ಹಿರಿಯರು ದವಾಖಾನೆಗೆ ಬರುವಾಗ ಮೋತಿಬಿಂದು ಹಣ್ಣಾಗಿ, ಕಂದುಗಟ್ಟಿ ಕಲ್ಲಿನಂತಾಗಿರುತ್ತದೆ. ಅಂಥವರಿಗೆ ಹೊಲಿಗೆ ಬೇಡದ ಸಣ್ಣ ಗಾಯದ ಕೈಶಸ್ತ್ರಚಿಕಿತ್ಸೆಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇಸ್ರೇಲಿನ ಬ್ಲೂಮೆಂಥಾಲ್ ತೋರಿದಂತೆ, ಪಕ್ಕದಿಂದ ತೆಳು ನಳಿಕೆಯೊಂದನ್ನು ಕೂರಿಸಿ ನೀರು ಬಿಡುತ್ತಲೇ ಇದ್ದರೆ ಕೋಣೆ ಉಬ್ಬಿ ನಿಲ್ಲುತ್ತದೆ, ಆ ನೀರಿನ ಒತ್ತಡವೇ ಪೊರೆಯ ತಿರುಳನ್ನು ಬಾಗಿಲಿಗೆ ತಳ್ಳುತ್ತದೆ. ವಿದ್ಯುತ್ತು ಬೇಡ, ದುಬಾರಿ ಯಂತ್ರ ಬೇಡ. ಗಾಯದ ಒಳತುಟಿಯನ್ನು ಒಳಗಿನ ಒತ್ತಡವೇ ಒತ್ತಿ ಮುಚ್ಚುವುದರಿಂದ ಹೊಲಿಗೆಯೂ ಬೇಡ.

ಕೊನೆಯದಾಗಿ, ಮನೆಮಂದಿಗೆ ಸೇರಿದ ವಿಷಯ. ಕೋಣೆ ಉಬ್ಬಿರಲೆಂದು ಮೀಥೈಲ್‌ಸೆಲ್ಯುಲೋಸಿನಂಥ ಅಂಟುದ್ರವವನ್ನೂ ಒಳಗೆ ಬಿಟ್ಟಿರುತ್ತೇವೆ. ಕಡೆಗೆ ಅದನ್ನು ತೊಳೆದು ತೆಗೆಯುತ್ತೇವೆ. ಸ್ವಲ್ಪ ಉಳಿದರೂ ನೀರು ಸೋಸುವ ಜಾಲರಿ ಕಟ್ಟಿಕೊಂಡು ನಾಲ್ಕರಿಂದ ಎಂಟು ತಾಸಿನೊಳಗೆ ಒತ್ತಡ ಏರಬಹುದು. ಆಗ ಕಣ್ಣು, ಹಣೆ ಸಿಡಿದಂತೆ ನೋವು, ವಾಂತಿ. ಮನೆಯವರು ಪಿತ್ತವೆಂದು ತಿಳಿದು ಲಿಂಬು ಸೋಡಾ ಕೊಟ್ಟು ಮಲಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೇ ರಾತ್ರಿಯಾಗಿರಲಿ, ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಹಚ್ಚಿರಿ. ಔಷಧದಿಂದಲೋ, ಪಕ್ಕದ ಸಣ್ಣ ಗಾಯದಿಂದ ಒಂದೆರಡು ಹನಿ ನೀರು ಹೊರಬಿಟ್ಟೋ ಅವರು ಒತ್ತಡ ಇಳಿಸುತ್ತಾರೆ. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಕಣ್ಣಿನ ಒತ್ತಡ ನೋಡಿದಿರಾ ಎಂದು ಕೇಳಲು ಸಂಕೋಚ ಪಡಬೇಡಿ.