ಮಡುವಿನ ಬಿಳಿಮೀನು ಮತ್ತು ಗಾಳದ ವಿದ್ಯೆ



ಮಲೆನಾಡಿನವರಿಗೆ ಮೀನು ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರಿನ ಮೊದಲ ನೆರೆಯಲ್ಲಿ ಹಳ್ಳದಿಂದ ಗದ್ದೆಗೆ ಏರಿಬರುವ ಹತ್ತುಮೀನಿಗೆ ಕೂಳಿ ಒಡ್ಡುವುದು, ಬೇಸಿಗೆಯ ಗುಂಡಿಗೆ ಕಾರೆಕಾಯಿ ಜಜ್ಜಿ ಹಾಕುವುದು, ಎರೆಹುಳು ಪೋಣಿಸಿ ಗಾಳ ಇಳಿಬಿಡುವುದು, ಇವೆಲ್ಲ ಇಲ್ಲಿನ ಮಕ್ಕಳೂ ಬಲ್ಲ ಸಂಗತಿಗಳು. ಆದರೆ ಇದೇ ಸಹ್ಯಾದ್ರಿಯಲ್ಲಿ ಹುಟ್ಟುವ ಕಾವೇರಿಯಲ್ಲಿ ಐವತ್ತು ಕಿಲೋಗ್ರಾಂ ಮೀರಿ ತೂಗುವ ಮೀನೊಂದು ಬಾಳುತ್ತಿತ್ತು. ಅದನ್ನು ಒಂದೇ ಗಾಳ, ಒಂದೆಳೆ ದಾರ ಮತ್ತು ರಾಗಿಹಿಟ್ಟಿನ ಒಂದು ಉಂಡೆಯಿಂದ ಹಿಡಿದು, ತೂಕ ನೋಡಿ, ಮರಳಿ ನೀರಿಗೆ ಬಿಡುವ ವಿದ್ಯೆಯೊಂದು ಆ ನದಿಯ ದಂಡೆಯ ಜನರ ಕೈಯಲ್ಲಿ ಪಳಗಿತ್ತು. ಮೀನು ಇಂದು ಅಳಿವಿನಂಚಿನಲ್ಲಿದೆ. ವಿದ್ಯೆಯೂ ಹೆಚ್ಚು ಕಡಿಮೆ ಅದೇ ಸ್ಥಿತಿಯಲ್ಲಿದೆ. ಎರಡರ ಕಥೆಯನ್ನೂ ಒಟ್ಟಿಗೆ ಹೇಳದೆ ಉಪಾಯವಿಲ್ಲ.

ಮಹಶೀರ್ ಎಂದು ಪುಸ್ತಕಗಳು ಕರೆಯುವ ಈ ಮೀನಿಗೆ ಕಾವೇರಿ ತೀರದವರು ಬಿಳಿಮೀನು ಎನ್ನುತ್ತಾರೆ. ಬಾಯಿಯ ಬಳಿ ಎರಡು ಜೊತೆ ಮೀಸೆ, ದಪ್ಪ ತುಟಿ, ದೊಡ್ಡ ದೊಡ್ಡ ಹುರುಪೆ, ತಲೆಯ ಹಿಂದೆ ಎದ್ದುನಿಲ್ಲುವ ಡುಬ್ಬ. ದವಡೆಯಲ್ಲಿ ಹಲ್ಲುಗಳಿಲ್ಲ; ಹಲ್ಲುಗಳಿರುವುದು ಗಂಟಲೊಳಗೆ. ಏಡಿ, ಶಂಖದ ಹುಳು, ಸಣ್ಣ ಮೀನು, ದಡದ ಅತ್ತಿಮರದಿಂದ ಉದುರಿದ ಹಣ್ಣು, ಯಾವುದನ್ನೂ ಅದು ಬಿಡುವುದಿಲ್ಲ. ಹೊಳೆಯಂಚಿನ ಮರವನ್ನು ಕಡಿದವನು ಮೀನಿನ ಊಟದ ಎಲೆಯನ್ನೂ ಎತ್ತಿದಂತೆಯೇ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿಯೇ ಗುರುತು ಹಾಕಿಕೊಳ್ಳಬಹುದು.

ಗಾಳದಲ್ಲಿ ಸಿಕ್ಕ ಬಿಳಿಮೀನುಗಳ ದಾಖಲೆ ಹಳೆಯದು. 1873ರಲ್ಲಿ ಹೆಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ ಭಾರತದ ಗಾಳಗಾರಿಕೆಯನ್ನು ಕುರಿತು ಗ್ರಂಥವನ್ನೇ ಬರೆದನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿ ನದಿಯಲ್ಲಿ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಸತ್ತ ಹುಲಿ ಚಿರತೆಗಳನ್ನು ಜೀವಂತದಂತೆ ನಿಲ್ಲಿಸುವುದರಲ್ಲಿ ಲೋಕಪ್ರಸಿದ್ಧವಾಗಿದ್ದ ಮನೆತನವದು. ಆ ಬಳಿಕ ಮೂರು ದಶಕಗಳ ಕಾಲ ಈ ಮೀನನ್ನು ಹೊರಜಗತ್ತು ಬಹುಮಟ್ಟಿಗೆ ಮರೆತೇಬಿಟ್ಟಿತ್ತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಗಾಳಗಾರರ ತಂಡವೊಂದು ಕಾವೇರಿಯಲ್ಲಿ ದೊಡ್ಡ ಮೀನುಗಳನ್ನು ಹಿಡಿದು ತೋರಿಸಿದ ಮೇಲೆ ಶಿವನಸಮುದ್ರದ ಕೆಳಗಿನ ಕಣಿವೆಗೆ ದೇಶವಿದೇಶಗಳ ಜನ ಬರತೊಡಗಿದರು. ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಸಂಸ್ಥೆಯು ನದಿಯ ಒಂದು ಭಾಗವನ್ನು ಕಾಯ್ದುಕೊಂಡಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಬಿಡಾರಗಳು ಎದ್ದವು. ಹಿಡಿದ ಮೀನನ್ನು ಕೊಲ್ಲದೆ ಬಿಡಬೇಕೆಂಬುದು ಅಲ್ಲಿನ ಕಟ್ಟಳೆ.

ಬಂದವರ ಕೈಯಲ್ಲಿ ಬೆಲೆಬಾಳುವ ಕೋಲು, ರೀಲುಗಳಿದ್ದವು. ಆದರೆ ಮೀನು ಎಲ್ಲಿದೆಯೆಂಬ ತಿಳಿವಳಿಕೆ ಇದ್ದುದು ಹರಿಗೋಲು ಹುಟ್ಟುಹಾಕುವ ಸ್ಥಳೀಯನಲ್ಲಿ. ಹಿಂದೆ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದ ಕೆಲವರೂ ಈ ಕೆಲಸಕ್ಕೆ ಸೇರಿದರು. ಮದ್ದು ಎಸೆಯುವವನಿಗೂ ಮೀನು ನಿಲ್ಲುವ ಜಾಗ ಗೊತ್ತಿರಲೇಬೇಕಲ್ಲ! ಅದೇ ತಿಳಿವಳಿಕೆ ಕಾವಲಿಗೂ ಒದಗಿತು.

ಈ ವಿದ್ಯೆಯ ಮೊದಲ ಪಾಠ ನೀರನ್ನು ಓದುವುದು. ಬೇಸಿಗೆಯ ಕಾವೇರಿ ಒಂದೇ ಹರಿವಲ್ಲ. ಬಂಡೆಗಳ ನಡುವೆ ನೊರೆಯೆಬ್ಬಿಸಿ ಧುಮುಕುವ ಸೆಳವು, ಅದರ ಕೆಳಗೆ ಕಪ್ಪಗೆ ನಿಂತಂತೆ ತೋರುವ ಮಡು, ಮಡುವಿನ ಬಾಲದಲ್ಲಿ ತೆಳುವಾಗಿ ಹರಡುವ ನೀರು, ಮತ್ತೆ ಸೆಳವು. ದೊಡ್ಡ ಮೀನು ಹಗಲು ಆಳದಲ್ಲಿ ತಂಗಿ, ಬೆಳಗು ಬೈಗುಗಳಲ್ಲಿ ಸೆಳವಿನ ಅಂಚಿಗೆ ಬರುತ್ತದೆ. ಸೆಳವು ಹೊತ್ತುತರುವ ಆಹಾರ ಸಿಗಬೇಕು, ಆದರೆ ಸೆಳವಿನೊಡನೆ ದಿನವಿಡೀ ಸೆಣಸಬಾರದು. ಇಂಥ ಜಾಗ ಬಂಡೆಯ ಮರೆಯಲ್ಲಿ ಮಾತ್ರ ದೊರೆಯುತ್ತದೆ. ನೀರಿನ ಮೇಲ್ಮೈಯ ಒಂದು ಸುಕ್ಕನ್ನು ನೋಡಿ ಕೆಳಗೆ ಮುಳುಗಿರುವ ಬಂಡೆಯ ಆಕಾರವನ್ನು ಹೇಳುವವರಿದ್ದರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಗೆರೆಗಳೆಲ್ಲ ಬದಲಾಗುತ್ತವೆ, ಪಾಠವನ್ನು ಮತ್ತೆ ಮೊದಲಿನಿಂದ ಓದಬೇಕು.

ಎರಡನೆಯದು ರಾಗಿಯ ಉಂಡೆ. ಕೃಷಿ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಗೋಧಿಯಲ್ಲಿರುವ ಅಂಟು ಸಸಾರಜನಕ ರಾಗಿಯಲ್ಲಿಲ್ಲ. ಹಸಿಹಿಟ್ಟನ್ನು ಎಷ್ಟು ನಾದಿದರೂ ನೀರಿಗೆ ಬಿದ್ದೊಡನೆ ಕರಗುತ್ತದೆ. ಬೇಯಿಸಿದಾಗ ಪಿಷ್ಟವು ಉಬ್ಬಿ ಹಿಡಿತ ಕೊಡುತ್ತದೆ, ಆರಿದಂತೆ ಗಟ್ಟಿಯಾಗುತ್ತದೆ. ಮುದ್ದೆ ತೊಳಸುವ ಮನೆಯ ಹೆಂಗಸರಿಗೆ ಇದು ಎಂದಿನಿಂದಲೂ ಗೊತ್ತು. ಗಾಳದ ಉಂಡೆಯನ್ನು ಊಟದ ಮುದ್ದೆಗಿಂತ ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರದಿಂದ ಕಿತ್ತಳೆಯ ಗಾತ್ರದವರೆಗೆ ಕಟ್ಟುತ್ತಾರೆ. ಪುಡಿಮೀನುಗಳು ಕುಟುಕಿ ಕುಟುಕಿ ಮುಗಿಸದಷ್ಟು ಗಟ್ಟಿಯಿರಬೇಕು. ದೊಡ್ಡದು ಬಾಯಿಗೆಳೆದುಕೊಂಡಾಗ ಗಾಳದ ಮೊನೆ ಹೊರಬರುವಷ್ಟು ಮೆದುವಿರಬೇಕು. ಈ ಎರಡರ ನಡುವಿನ ಹದವನ್ನು ಬೆರಳು ಹೇಳುತ್ತದೆಯೇ ಹೊರತು ಅಳತೆಯ ಬಟ್ಟಲು ಹೇಳುವುದಿಲ್ಲ. ಕೆಲವರು ಮಸಾಲೆ ಬೆರೆಸುತ್ತಾರೆ. ಕೆಲವರಿಗೆ ಏಡಿಯ ಮೇಲೆಯೇ ನಂಬಿಕೆ.

ಉಂಡೆಯನ್ನು ಸೆಳವಿನಲ್ಲಿ ನಿಲ್ಲಿಸಲು ದಾರಕ್ಕೆ ಸೀಸದ ತಂತಿಯನ್ನು ಸಡಿಲವಾಗಿ ಸುತ್ತುವ ಕ್ರಮವಿತ್ತು. ಬಂಡೆಯ ಸಂದಿಯಲ್ಲಿ ಸೀಸ ಸಿಕ್ಕಿಕೊಂಡರೆ ಜಗ್ಗಿದಾಗ ಅದು ಬಿಚ್ಚಿಕೊಳ್ಳುತ್ತದೆ, ದಾರ ಉಳಿಯುತ್ತದೆ. ಸೀಸ ಮಾತ್ರ ನದಿಯ ಪಾಲು. ಅದು ಮೆಚ್ಚತಕ್ಕ ಸಂಗತಿಯಲ್ಲ.

ಆಮೇಲೆ ಕಾಯುವುದು. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಗಂಟೆಗಟ್ಟಲೆ ಕೂರಬೇಕು. ಪುಡಿಮೀನಿನ ಕುಟುಕು, ಏಡಿಯ ಎಳೆತ, ನೀರಿನ ಮಿಡಿತ, ತೇಲಿಬಂದ ಎಲೆಯ ತೊಡಕು, ಇವನ್ನೆಲ್ಲ ಬೆರಳೇ ವಿಂಗಡಿಸಬೇಕು. ಬಿಳಿಮೀನು ಬಾಯಿ ಹಾಕಿದಾಗ ವಿಂಗಡಿಸಲು ಸಮಯವೇ ಇರುವುದಿಲ್ಲ. ಕೋಲು ಬಾಗಿ, ರೀಲು ಕಿರುಚಿ, ದಾರ ನೂರಾರು ಅಡಿ ಹೋಗಿರುತ್ತದೆ. ಈ ಮೀನು ಸಾಮಾನ್ಯವಾಗಿ ನೀರಿನಿಂದ ಮೇಲೆ ನೆಗೆಯುವುದಿಲ್ಲ, ಓಡುತ್ತದೆ. ಆ ಮೊದಲ ಓಟವನ್ನು ತಡೆಯಲು ಹೋದವನಿಗೆ ಉಳಿಯುವುದು ತುಂಡಾದ ದಾರ ಅಥವಾ ನೆಟ್ಟಗಾದ ಗಾಳ. ಬಾಯಿಯ ಒತ್ತಡಕ್ಕೇ ಗಾಳ ಮುರಿಯಬಲ್ಲ ಮೀನಿದು. ಆದುದರಿಂದಲೇ ಬಲವಾದ ಒಂಟಿ ಗಾಳವನ್ನು ಬಲ್ಲವರು ಮೆಚ್ಚಿದರು. ಓಡಲು ಬಿಟ್ಟು, ದಣಿದಾಗ ಎಳೆದು, ದಡದುದ್ದಕ್ಕೆ ಕಲ್ಲು ಹಾರಿ ಹಿಂಬಾಲಿಸಬೇಕು. ಮೀನು ಬಂಡೆಯನ್ನು ಸುತ್ತಿ ದಾರ ಸಿಕ್ಕಿಸಿದರೆ ಹರಿಗೋಲಿನವನ ಸರದಿ. ಸೆಳವಿನ ನಡುವೆ ಒಂದೇ ಹುಟ್ಟಿನಿಂದ ಹರಿಗೋಲನ್ನು ನಿಲ್ಲಿಸಿ, ಇನ್ನೊಂದು ಕೈಯಿಂದ ದಾರ ಬಿಡಿಸುವ ಆ ಕೆಲಸಕ್ಕೆ ಹೋಲಿಸಿದರೆ ಕೋಲು ಹಿಡಿದವನದು ಅರ್ಧ ವಿದ್ಯೆ. ಭಾವಚಿತ್ರದಲ್ಲಿ ಮಾತ್ರ ಕೋಲು ಹಿಡಿದವನೇ ನಡುವೆ ನಿಲ್ಲುತ್ತಿದ್ದನು.

ಕೊನೆಯದು ಬಿಡುವ ವಿದ್ಯೆ. ದಣಿದ ಮೀನನ್ನು ಕೂಡಲೇ ಎಸೆದರೆ ಅದು ಮಗುಚಿ ಸಾಯಬಹುದು. ಹರಿವಿಗೆ ಮುಖಮಾಡಿ ಎರಡೂ ಕೈಗಳಿಂದ ಹಿಡಿದು, ಕಿವಿರುಗಳಲ್ಲಿ ನೀರು ಆಡಿ, ಬಾಲ ತಾನಾಗಿಯೇ ಬಲಗೊಳ್ಳುವವರೆಗೂ ಕಾಯಬೇಕು.

ಈ ಬಿಡಾರಗಳಲ್ಲಿ ಹಿಡಿದ ಮೀನಿನ ಲೆಕ್ಕವನ್ನು ಬರೆದಿಡುತ್ತಿದ್ದರು. ಮನರಂಜನೆಗಾಗಿ ಬರೆದ ಆ ಪುಸ್ತಕಗಳು ಮುಂದೆ ವಿಜ್ಞಾನಕ್ಕೆ ಒದಗಿದವು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮೀನುಗಳು ಸಿಕ್ಕಿದ್ದವು, ಅಂದರೆ ಮೀನೊಂದಕ್ಕೆ ಸುಮಾರು ನಾಲ್ಕು ಗಂಟೆ. ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ 2015ರಲ್ಲಿ ಈ ಲೆಕ್ಕವನ್ನು ವಿಶ್ಲೇಷಿಸಿ ಪ್ರಕಟಿಸಿದರು. ಮೇಲುನೋಟಕ್ಕೆ ಮೀನು ಹೆಚ್ಚುತ್ತಿತ್ತು. ಆದರೆ ಹೆಚ್ಚುತ್ತಿದ್ದುದು ನೀಲಿ ರೆಕ್ಕೆಯ ಬೇರೊಂದು ಮಹಶೀರ್. ಕೃಷ್ಣಾ ಕೊಳ್ಳದ ಈ ಮೀನನ್ನು 1839ರಲ್ಲಿ ಸೈಕ್ಸ್ ಪುಣೆಯ ಸಮೀಪದ ಹೊಳೆಯಿಂದ ವರ್ಣಿಸಿದ್ದನು; ಲೋನಾವಳದ ಟಾಟಾ ಮತ್ಸ್ಯಕೇಂದ್ರದಲ್ಲಿ ಅದರ ಮರಿಗಳನ್ನು ಬೆಳೆಸಲಾಗುತ್ತಿತ್ತು, ಕಾವೇರಿಗೂ ಬಿಡಲಾಗಿತ್ತು. ಡುಬ್ಬದ ಬಿಳಿಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು, ಸಿಕ್ಕವು ಮಾತ್ರ ಹಿಂದಿಗಿಂತ ದೊಡ್ಡವು. ಗಾಳಗಾರರಿಗೆ ದೊಡ್ಡ ಮೀನು ಸಂತೋಷದ ಸುದ್ದಿ. ಲೆಕ್ಕ ಬಲ್ಲವನಿಗೆ ಅದರ ಅರ್ಥ ಬೇರೆ: ಮುದುಕರಷ್ಟೇ ಉಳಿದಿದ್ದಾರೆ, ತೊಟ್ಟಿಲು ತೂಗುತ್ತಿಲ್ಲ. ಒಳ್ಳೆಯದಾಗಲೆಂದೇ ಮಾಡಿದ ಮರಿ ಬಿಡುವ ಕೆಲಸ ನದಿಯ ಸ್ವಂತ ಮೀನಿಗೆ ಎರವಾದಂತೆ ಕಾಣುತ್ತದೆ. ಕೆರೆಗೆ ಮರಿ ಬಿಡುವಷ್ಟೇ ಹಗುರವಾಗಿ ಹೊಳೆಗೂ ಬಿಡಬಹುದೆಂಬ ನಂಬಿಕೆ ಇನ್ನೂ ಹೋಗಿಲ್ಲ.

ಇನ್ನೊಂದು ವಿಚಿತ್ರವೆಂದರೆ, ಇಷ್ಟು ಪ್ರಸಿದ್ಧವಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದುದೇ 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳಿಗೆ ಅದಾಗಲೇ ಇಡಲಾಗಿದ್ದ ಟಾರ್ ರೆಮಾದೇವಿಯೈ ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆಂದು ಸಂಶೋಧಕರು ಆ ವರ್ಷ ತೋರಿಸಿದರು. ನೀಲಗಿರಿಯ ಮೋಯಾರ್ ನದಿಯಲ್ಲಿ ಉಳಿದ ಮೀನುಗಳು ಈ ಗುರುತಿಗೆ ನೆರವಾದವು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ತೀವ್ರ ಅಪಾಯದಲ್ಲಿರುವ ಜೀವಿಯೆಂದು ಸೇರಿತು.

ಗಾಳಿಬೋರೆಯ ಲೆಕ್ಕ 2012ಕ್ಕೆ ನಿಲ್ಲಲು ಕಾರಣವುಂಟು. ಆ ಕಣಿವೆ 1987ರಲ್ಲಿ ಕಾವೇರಿ ವನ್ಯಧಾಮವಾಗಿತ್ತು. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥದಲ್ಲಿ ಗಾಳಗಾರಿಕೆ ನಿಂತಿತು. ಕಾನೂನಿನ ತರ್ಕ ಸರಿಯಿರಬಹುದು. ಆದರೆ ಗಾಳದೊಂದಿಗೆ ಹರಿಗೋಲಿನವರ ಕೂಲಿ, ದಂಡೆಯ ನಿತ್ಯದ ಕಾವಲು, ಮೀನಿನ ಲೆಕ್ಕ ಮೂರೂ ಹೋದವು. ಸಿಡಿಮದ್ದಿನವನು ಯಾವ ಪರವಾನಗಿಯನ್ನೂ ಕೇಳುವವನಲ್ಲ. ನಿಷೇಧಕ್ಕೆ ಬದಲಾಗಿ ಕಟ್ಟುನಿಟ್ಟಿನ ಮಿತಿಯೊಳಗೆ ಆ ಕೈಗಳನ್ನೇ ಕಾವಲಿಗೂ ಎಣಿಕೆಗೂ ಉಳಿಸಿಕೊಳ್ಳುವುದು ವಿವೇಕವಾಗಿತ್ತು.

ಮೇಕೆದಾಟಿನಲ್ಲಿ ಪ್ರಸ್ತಾವಿತವಾಗಿರುವ ಸುಮಾರು 67 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯ ಕಟ್ಟಿದರೆ ಈ ಕಣಿವೆಯ ಸೆಳವುಗಳು ನಿಂತ ನೀರಿನ ಕೆಳಗೆ ಹೋಗುತ್ತವೆ. ಮಹಶೀರ್ ಕುಲದ ಮೀನು ಮಳೆಗಾಲದಲ್ಲಿ ಮೇಲ್ಮುಖವಾಗಿ ಸಾಗಿ, ಶುದ್ಧ ನೀರು ಹರಿಯುವ ಜಲ್ಲಿಕಲ್ಲಿನ ಹಾಸಿನಲ್ಲಿ ಮೊಟ್ಟೆಯಿಡುತ್ತದೆ. ಅಣೆಕಟ್ಟು ದಾರಿಯನ್ನು ಕಡಿಯುತ್ತದೆ, ಮರಳುಗಾರಿಕೆ ಹಾಸನ್ನು ಎತ್ತುತ್ತದೆ.

ಇದೆಲ್ಲ ಬಯಲುಸೀಮೆಯ ಕಣಿವೆಯ ಮಾತೆಂದು ಮಲೆನಾಡು ಸುಮ್ಮನಿರುವಂತಿಲ್ಲ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳೆಂದು ಜನ ಕಾಯ್ದವುಗಳಲ್ಲಿ ಮಹಶೀರ್ ಜಾತಿಗಳೂ ಇವೆ. ಶಿಶಿಲದಲ್ಲಿ 1996ರಲ್ಲಿ ನೀರಿಗೆ ವಿಷ ಬೆರೆತು ಅಸಂಖ್ಯ ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ. ಅಂದು ವಿಷ ಹಾಕಿದವರು ದುಷ್ಟರು. ಪ್ರತಿ ಮುಂಗಾರಿನ ಮುನ್ನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವವರು ದುಷ್ಟರಲ್ಲ, ಆದರೂ ಹಳ್ಳಕ್ಕೆ ಹೋಗುವುದು ತಾಮ್ರ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಲ್ಲರಿಗೂ ಗೊತ್ತಿರುವ ಪಾಕ. ಸುಣ್ಣ ಕಡಿಮೆಯಾದರೆ ಕರಗಿದ ತಾಮ್ರ ಹೆಚ್ಚುತ್ತದೆ. ಮಲೆನಾಡಿನ ಮೆದುನೀರಿನಲ್ಲಿ ತಾಮ್ರದ ವಿಷ ಗಡಸುನೀರಿಗಿಂತ ತೀಕ್ಷ್ಣ. ಅದು ಕಿವಿರನ್ನು ಸುಡುತ್ತದೆ, ಮೀನಿನ ವಾಸನೆ ಹಿಡಿಯುವ ಶಕ್ತಿಯನ್ನೂ ಕೆಡಿಸುತ್ತದೆ. ಕಾಫಿಯ ಪಲ್ಪಿಂಗ್ ನೀರು ಹೊಳೆ ಬಡವಾಗಿರುವ ಡಿಸೆಂಬರ್-ಫೆಬ್ರವರಿಯಲ್ಲಿ ಇಳಿಯುತ್ತದೆ. ಅದರ ಸಕ್ಕರೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಕುಡಿದುಬಿಡುತ್ತವೆ. ಡ್ರಮ್ಮು ತೊಳೆದ ನೀರನ್ನು ತೋಟದ ಮಣ್ಣಿಗೆ ಸುರಿಯುವುದಕ್ಕೂ, ಪಲ್ಪರಿನ ನೀರಿಗೆ ಇಂಗುಗುಂಡಿ ತೋಡುವುದಕ್ಕೂ ಸರ್ಕಾರದ ಆದೇಶವನ್ನು ಕಾಯಬೇಕಾಗಿಲ್ಲ. ಈ ವರ್ಷದ ಔಷಧಿ ಹೊಡೆತಕ್ಕೆ ಮುನ್ನ ಪ್ರತಿ ಊರಿನ ವಿದ್ಯಾರ್ಥಿಗಳು ಹಳ್ಳದಲ್ಲಿ ಡ್ರಮ್ಮು ತೊಳೆಯುವ ಜಾಗಗಳನ್ನು ಪಟ್ಟಿ ಮಾಡಿ, ಆಯಾ ತೋಟದ ಯಜಮಾನರೊಡನೆ ಕೂತು ಮಾತನಾಡಬಹುದು.